ಅರಿಶಿನ ನೀರಿನ ತಟ್ಟೆ

ಮಾರ್ಗಳಿ ತಿಂಗಳ ಚಳಿಯ ಇಬ್ಬನಿ ಬಿದ್ದರೆ ಮಲ್ಲಿಗೆ ಗಿಡಕ್ಕೆ ಜಿಪುಣತನ ಬರುತ್ತದೆ. ಬೇಸಿಗೆಯಲ್ಲಿ ಮಡಿಲು ತುಂಬಿಸುತ್ತಿದ್ದ ಗಿಡಗಳೇ ಈಗ ನಾಲ್ಕೈದು ಮೊಗ್ಗು ಕೊಟ್ಟು ಸುಮ್ಮನಾಗುತ್ತವೆ. ನಿಲಕ್ಕೋಟೈ ಪೇಟೆಯಲ್ಲಿ ಅಂಥ ದಿನಗಳಲ್ಲೇ ಹೂವಿಗೆ ಬೆಲೆ. ಒಚ್ಚಮ್ಮ ಕತ್ತಲಿರುವಾಗಲೇ ತೋಟಕ್ಕೆ ಇಳಿದು, ತಲೆಗೆ ಟವೆಲ್ ಸುತ್ತಿ, ಸಾಲು ಹಿಡಿದು ಕೀಳುತ್ತಿದ್ದಳು. ಅವತ್ತು ಎಂಟು ಗಂಟೆಗೆ ಸೂರ್ಯನಿಗೆ ಗ್ರಹಣ ಹಿಡಿಯುವುದಿತ್ತು. ಆಮೇಲೆ ಬೀದಿಯಲ್ಲಿ ಯಾರೂ ಹೂ ಮುಟ್ಟುವುದಿಲ್ಲ, ಒಲೆ ಹಚ್ಚುವುದಿಲ್ಲ.

ಅವಳ ಎಡಗಣ್ಣಿನ ನಟ್ಟನಡುವೆ ಒಂದು ಕಪ್ಪು ಮಚ್ಚೆ ಕೂತಿತ್ತು. ಬದಿಯಲ್ಲಿ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಮಾಯ. ಹನ್ನೆರಡನೆಯ ವಯಸ್ಸಿನಿಂದ ಹಾಗೆ. ಮೊಗ್ಗು ಕೀಳುವುದು ಬೆರಳಿನ ಕೆಲಸ, ತೊಂದರೆಯಿರಲಿಲ್ಲ. ಸೂಜಿಗೆ ದಾರ ಪೋಣಿಸುವುದಕ್ಕೆ ಮಾತ್ರ ಒಂದೇ ಕಣ್ಣಿನ ಅಂದಾಜು ಸಾಲದು, ಅತ್ತೆ ಪಾಂಡಿಯಮ್ಮನನ್ನು ಕೇಳಬೇಕು. ಪಾಂಡಿಯಮ್ಮ ಅಪ್ಪನ ಅಕ್ಕ, ಗಂಡನ ತಾಯಿ. ಎಪ್ಪತ್ತು ದಾಟಿದರೂ ಕಣ್ಣು ಚುರುಕು. ದಾರ ಪೋಣಿಸಿಕೊಡುವಾಗೆಲ್ಲ ಅದೇ ಮಾತು: "ಈ ಕಣ್ಣಿನವಳನ್ನ ಯಾವನು ಕಟ್ಕೊಳ್ತಿದ್ದ ಹೇಳು. ನಾನಿದ್ದೆ, ಮಗನಿಗೆ ತಂದ್ಕೊಂಡೆ." ಕೇಳುವವರು ಇದ್ದರೆ ಇನ್ನೂ ಸ್ವಲ್ಪ ಗಟ್ಟಿಯಾಗಿ.

ಎರಡು ವರ್ಷದ ಹಿಂದೆ ಮದುರೈನಿಂದ ಬಂದ ಕಣ್ಣಿನ ಶಿಬಿರದಲ್ಲಿ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಚಿಕ್ಕವಳಿದ್ದಾಗ ಸೂರ್ಯನನ್ನು ದಿಟ್ಟಿಸಿದ್ದೆಯಾ ಎಂದು ಕೇಳಿದ್ದರು. ಇಲ್ಲ, ಗ್ರಹಣವನ್ನು ಅರಿಶಿನ ನೀರಿನ ತಟ್ಟೆಯಲ್ಲಷ್ಟೇ ನೋಡಿದ್ದೆ ಎಂದಳು. "ನೀರಲ್ಲಿ ಕಂಡ್ರೂ ಅವನು ಸೂರ್ಯನೇ ಕಣಮ್ಮ. ಅರಿಶಿನ ಏನೂ ತಡೆಯಲ್ಲ. ಒಳಗೆ ಸುಡುವಾಗ ನೋವಾಗಲ್ಲ, ಅದಕ್ಕೇ ಗೊತ್ತಾಗಲ್ಲ," ಎಂದರು ಡಾಕ್ಟರು. ಹನ್ನೆರಡನೆಯ ವಯಸ್ಸಿನ ಆ ಗ್ರಹಣದ ದಿನ ತಟ್ಟೆ ಇಟ್ಟು, ಕತ್ತು ಬಗ್ಗಿಸಿ, ಪೂರ್ತಿ ನೋಡು ಎಂದವಳು ಪಾಂಡಿಯಮ್ಮ. ಒಚ್ಚಮ್ಮ ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿ ಬರುವುದೇನು ಎಂದುಕೊಂಡಳು.

ಹೂವಿನ ಚೀಲ ಹೊತ್ತು ಮನೆಗೆ ಬಂದಾಗ ಅಂಗಳದಲ್ಲಿ ಬೀದಿಯವರು ಸೇರಿದ್ದರು. ಪಾಂಡಿಯಮ್ಮ ಒಂದು ತಟ್ಟೆ ನೀರಿನಲ್ಲಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿದ್ದಳು. ಗ್ರಹಣ ಹಿಡಿದಿರುವಷ್ಟು ಹೊತ್ತೂ ಅದು ಬೀಳುವುದಿಲ್ಲವೆಂದು ಅವಳ ಮಾತು. ಪಕ್ಕದ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನ ನೀರು. ಒಚ್ಚಮ್ಮನ ಮೊಮ್ಮಗಳು ಪೂಂಗೊಡಿ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಶಾಲೆಯಲ್ಲಿ ಟೀಚರು ಗ್ರಹಣ ನೋಡುವ ಕಪ್ಪು ಕನ್ನಡಕ ಕೊಟ್ಟಿದ್ದರು. ಅದು ಮೂಗಿನಿಂದ ಜಾರುತ್ತದೆಂದು, ಹೂ ಕಟ್ಟುವ ಮನೆಯ ಮಗಳಲ್ಲವೇ, ಹೂವಿನ ಸೂಜಿ ತಂದು ದಾರ ಪೋಣಿಸಲು ಹೋಗಿ ಕಪ್ಪು ಹಾಳೆಗೇ ತೂತು ಮಾಡಿದ್ದಳು. ತೂತು ಬಿದ್ದದ್ದನ್ನು, ಗೀರು ಬಿದ್ದದ್ದನ್ನು ಹಾಕಿಕೊಳ್ಳಲೇಬೇಡಿ ಎಂದು ಟೀಚರು ಹೇಳಿದ್ದರಂತೆ.

"ಕನ್ನಡಕ ಯಾಕೆ ಬೇಕು," ಎಂದಳು ಪಾಂಡಿಯಮ್ಮ. "ಇಲ್ಲಿ ಬಾ, ತಟ್ಟೇಲಿ ನೋಡು. ನಿಮ್ಮಜ್ಜೀಗೂ ನಾನೇ ತೋರಿಸಿದ್ದೆ."

ಪೂಂಗೊಡಿ ಎದ್ದು ಬಂದಳು. ಬೆಳಕು ಆಗಲೇ ಮಂಕಾಗಿತ್ತು, ಕೋಳಿಗಳು ಗೋಡೆಯ ಬುಡಕ್ಕೆ ಸೇರಿದ್ದವು. ಹುಡುಗಿ ತಟ್ಟೆಯ ಮುಂದೆ ಮೊಣಕಾಲೂರಿದಳು. ಒಚ್ಚಮ್ಮ ಹೂವಿನ ಚೀಲವನ್ನು ಅಲ್ಲೇ ಬಿಟ್ಟು, ಬಾಗುತ್ತಿದ್ದ ಹಣೆಗೆ ಅಂಗೈ ಅಡ್ಡ ಹಿಡಿದಳು.

"ಬೇಡ ಅತ್ತೆ. ಇವಳು ಇದರಲ್ಲಿ ನೋಡೋದು ಬೇಡ."

"ಯಾಕೆ, ನನ್ನ ತಟ್ಟೆಗೆ ಏನಾಗಿದೆ?"

"ನೀರಲ್ಲಿ ನೋಡಿದ್ರೂ ಕಣ್ಣು ಸುಡುತ್ತಂತೆ. ಡಾಕ್ಟ್ರು ಹೇಳಿದ್ರು."

ಪಾಂಡಿಯಮ್ಮನಿಗೆ ಸಿಟ್ಟು ಬಂತು. ಅವಳ ಅತ್ತೆಯ ಕಾಲದ ತಟ್ಟೆ ಅದು. ಯಾವ ಡಾಕ್ಟರು, ಯಾವಾಗ ಹೇಳಿದ, ಯಾರ ಕಣ್ಣು ನೋಡಿ ಹೇಳಿದ ಎಂದು ಒಂದೇ ಸಮನೆ ಕೇಳಿದಳು. ಒಚ್ಚಮ್ಮ ಪೂಂಗೊಡಿಯನ್ನು ಎಬ್ಬಿಸಿ, ಕನ್ನಡಕವಿಲ್ಲದವರಿಗೆ ಟೀಚರು ಇನ್ನೇನು ಹೇಳಿಕೊಟ್ಟರು ಎಂದು ವಿಚಾರಿಸಿದಳು. ರಟ್ಟಿಗೆ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ತೂತಿನಿಂದ ಬಿದ್ದ ಬೆಳಕನ್ನು ನೋಡಬೇಕು. ತೂತಿಗೆ ಕಣ್ಣಿಟ್ಟು ಮಾತ್ರ ನೋಡಬಾರದು ಎಂದಳು ಹುಡುಗಿ.

ಒಚ್ಚಮ್ಮ ಗೂಟಕ್ಕೆ ಸಿಕ್ಕಿಸಿದ್ದ ಹಳೆಯ ಮದುವೆ ಪತ್ರಿಕೆ ತೆಗೆದು ಅದೇ ಸೂಜಿಯಿಂದ ಚುಚ್ಚಿದಳು. ಹೂ ಹರಡುವ ಬಿಳಿ ಪಂಚೆಯನ್ನು ಹಗ್ಗಕ್ಕೆ ಹಾಕಿದಳು. ಇಬ್ಬರೂ ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತರು. ಪತ್ರಿಕೆಯನ್ನು ಹೆಗಲ ಮೇಲೆ ಎತ್ತಿ ಹಿಡಿದಾಗ ಪಂಚೆಯ ಮೇಲೆ ಕುಡುಗೋಲಿನ ಆಕಾರದ ಪುಟ್ಟ ಬೆಳಕು ಬಿತ್ತು. ಬೀದಿಯವರು ಒಬ್ಬೊಬ್ಬರಾಗಿ ಒನಕೆ ಬಿಟ್ಟು ಈ ಕಡೆ ಬಂದರು. ನೋಡುತ್ತಿದ್ದಂತೆ ಕುಡುಗೋಲಿನ ಎರಡು ತುದಿ ಕೂಡಿ ಬಳೆಯಾಯಿತು. ಬೇವಿನ ಮರದ ನೆರಳಲ್ಲೂ, ಎಲೆಸಂದಿಯಿಂದ ಬಿದ್ದ ಬೆಳಕೆಲ್ಲ ಬಳೆಗಳೇ. ಪಕ್ಕದ ಮನೆಯ ಮೂಕಾಯಿ, ಬಳೆಗಾರ ಗಂಟು ಬಿಚ್ಚಿ ಸುರಿದ ಹಾಗಿದೆ, ಆರಿಸಿಕೊಳ್ಳಿ ಎಂದು ನಗಿಸಿದಳು.

ಪಾಂಡಿಯಮ್ಮ ನಗಲಿಲ್ಲ. ಅವಳು ತಟ್ಟೆಯ ಪಕ್ಕದಲ್ಲೇ ಕೂತಿದ್ದಳು. ಬೆಳಕು ಮರಳಿ, ಜನ ಸ್ನಾನಕ್ಕೆ ಹೋದ ಮೇಲೆ ಸೊಸೆಯನ್ನು ಕರೆದಳು.

"ನಿನ್ನ ಕಣ್ಣು ಹೋಗಿದ್ದು ಆ ಗ್ರಹಣದ ವರ್ಷಾನೇ ಅಲ್ವೇನೆ?"

"ಹೂಂ."

"ಕರುಪ್ಪಸಾಮಿಗೆ ಹರಕೆ ತಪ್ಪಿದ್ದಕ್ಕೆ ಅಂತ ನಿಮ್ಮಪ್ಪ ಹೇಳಿದ್ದ."

"ಎಲ್ಲರೂ ಹಾಗೇ ಅಂದ್ಕೊಂಡಿದ್ರು ಅತ್ತೆ."

"ನಿಂಗೆ ಯಾವಾಗ ಗೊತ್ತಾಯ್ತು?"

"ಎರಡು ವರ್ಷ ಆಯ್ತು."

"ಎರಡು ವರ್ಷ ನಾನು ಅಂದಿದ್ದೆಲ್ಲ ಅನ್ನಿಸ್ಕೊಂಡೆ."

ಒಚ್ಚಮ್ಮ ಪಂಚೆಯನ್ನು ಹಗ್ಗದಿಂದ ತೆಗೆದು ಮಡಚಿದಳು. ಅದಕ್ಕಿಂತ ಹಿಂದಿನ ವರ್ಷಗಳೂ ಅವಳ ನೆನಪಿನಲ್ಲಿದ್ದವು. ಪಾಂಡಿಯಮ್ಮ ಒನಕೆಯನ್ನು ತೆಗೆದು ಗೋಡೆಗೆ ಒರಗಿಸಿದಳು. ಅರಿಶಿನ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅಟ್ಟದ ಮೇಲೆ ಬೋರಲು ಹಾಕಿದಳು.

ಮಧ್ಯಾಹ್ನ ಉಂಡಾದ ಮೇಲೆ ಜಗಲಿಯಲ್ಲಿ ಹೂ ಪೋಣಿಸಲು ಕೂತರು. ಮೂಕಾಯಿಯೂ ಬಂದಿದ್ದಳು. ಒಚ್ಚಮ್ಮ ಸೂಜಿಗಾಗಿ ಕೈ ಚಾಚುವ ಮೊದಲೇ ಪಾಂಡಿಯಮ್ಮ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಸೊಸೆಯ ಬಲಗಣ್ಣಿನ ಕಡೆಯಿಂದ ಕೊಟ್ಟಳು. ಮೂಕಾಯಿ ಎಂದಿನ ಮಾತು ಬರುತ್ತದೆಂದು ಕಾದಳು. ಬರಲಿಲ್ಲ. ಪಾಂಡಿಯಮ್ಮ ಎರಡನೆಯ ಸೂಜಿ ಎತ್ತಿಕೊಂಡು ಅದಕ್ಕೂ ದಾರ ಹಾಕತೊಡಗಿದಳು.