ಉದುರು ಹಣ್ಣು

ಲ್ಯಾಂಬರ್ಟಸ್ ಕತ್ತಿ ಕಟ್ಟಿದ ಉದ್ದನೆಯ ಕೋಲು ಎತ್ತಿ ಎಣ್ಣೆತಾಳೆಯ ಗೊನೆ ಕೊಯ್ಯುತ್ತಿದ್ದ. ಗೊನೆ ಬಿದ್ದ ಏಟಿಗೆ ಸಿಡಿದ ಹಣ್ಣನ್ನು ಮುಳ್ಳಿನ ನಡುವೆ ಬಗ್ಗಿ ಬಗ್ಗಿ ಹೆಕ್ಕುವವಳು ಅವನ ಹೆಂಡತಿ ಮಾರ್ಸೆಲಿನಾ. ಮಗಳು ಹೊಟ್ಟೆಯಲ್ಲಿದ್ದಾಗಲೂ ಹೆಕ್ಕಿದಳು. ಅವಳು ಹೆಕ್ಕದಿದ್ದರೆ ಗಂಡನಿಗೆ ಗೊತ್ತುಮಾಡಿದ ದಿನದ ತೂಕ ತುಂಬದು. ತುಂಬದಿದ್ದರೆ ಪಡಿಯಕ್ಕಿಗೆ ಕತ್ತರಿ. ಕೂಲಿ ಮಾತ್ರ ಅವನೊಬ್ಬನಿಗೆ.

ತನಿಖೆಯವರ ಜೀಪು ಬಂದರೆ ಮೇಸ್ತ್ರಿ ಸುತಾರ್ಜೊ ಸೀಟಿ ಊದುತ್ತಿದ್ದ. ಕಂಪನಿಯ ಪುಸ್ತಕದಲ್ಲಿ ಹೆಸರಿಲ್ಲದ ಹೆಂಗಸರೆಲ್ಲ ಜರಿಗಿಡಗಳ ಮರೆಗೆ ಓಡಿ ಕುಕ್ಕರಗಾಲಲ್ಲಿ ಕೂರಬೇಕು. "ನಾವೇನು ಕದ್ದ ಮಾಲೇನೇ?" ಅಂತ ಪಕ್ಕದ ಮನೆಯ ಕ್ರಿಸ್ಪಿನಾ ಪಿಸುಗುಟ್ಟಿ ಎಲ್ಲರನ್ನೂ ನಗಿಸುತ್ತಿದ್ದಳು.

ಮಳೆಯಲ್ಲಿ ನೆನೆದ ಗೊನೆಯೊಂದು ಲ್ಯಾಂಬರ್ಟಸನ ಕುತ್ತಿಗೆ ಮೇಲೇ ಬಿತ್ತು. ಆಸ್ಪತ್ರೆಗೆ ಲಾರಿ ಕೇಳಿದರೆ, ಮೊದಲು ಹಣ್ಣು ಇಳಿಸಿ ಬರಲಿ ಅಂದರು. ಲಾರಿ ಬರುವಷ್ಟರಲ್ಲಿ ಹೆಂಡತಿಯ ತೊಡೆಯ ಮೇಲೆ ಅವನ ತಲೆ ತಣ್ಣಗಾಗಿತ್ತು.

ಹುಟ್ಟೂರು ಫ್ಲೋರೆಸ್ ದ್ವೀಪದಲ್ಲಾಗಿದ್ದರೆ ಹೆಂಡತಿಯ ತವರಿನವರು ನೇಯ್ದ ಬಟ್ಟೆ ತಂದು ಹೆಣಕ್ಕೆ ಹೊದಿಸುತ್ತಿದ್ದರು. ಬೋರ್ನಿಯೊದ ಈ ತೋಟದಲ್ಲಿ ನಂಟರೆಲ್ಲಿ? ಕ್ರಿಸ್ಪಿನಾ ತನ್ನ ಮದುವೆಯ ಬಟ್ಟೆಯನ್ನೇ ತಂದು ಹೊದಿಸಿದಳು. "ಇವತ್ತಿಗೆ ನಾನೇ ನಿನ್ನ ತವರು ಕಣೇ" ಅಂದಳು.

ಗೋರಿಯ ಮಣ್ಣು ಒಣಗುವ ಮೊದಲೇ ಮೇಸ್ತ್ರಿ ಬಂದ. ಶನಿವಾರ ಬಂದರಿಗೆ ಲಾರಿ ಹೋಗುತ್ತದೆ, ಮನೆ ಖಾಲಿ ಮಾಡಿ ಹತ್ತಿಕೋ ಅಂದ. ತೋಟದ ಮನೆ ಕೆಲಸದವರಿಗೆ ಮಾತ್ರವಂತೆ.

"ನಾನೂ ಕೆಲ್ಸದೋಳೇ ಅಲ್ವಾ ಮೇಸ್ತ್ರಿ? ಈ ಕೈ ನೋಡಿ."

"ನೀನು ಗಂಡನಿಗೆ ಕೈ ಜೋಡಿಸ್ತಿದ್ದೆ ತಂಗಿ. ಅದು ನಿಮ್ಮನೆ ವಿಷಯ. ಕಂಪನಿ ಯಾರ ಸಂಸಾರದಲ್ಲೂ ತಲೆ ಹಾಕಲ್ಲ."

ಹೊಸ ವರ್ಷದ ಊಟದ ದಿನ, ನಾವೆಲ್ಲ ಒಂದೇ ಕುಟುಂಬ ಅಂತ ಮೈಕಿನಲ್ಲಿ ಕೂಗಿದವನೂ ಇವನೇ.

ಬಾಗಿಲಲ್ಲಿ ನಿಂತಿದ್ದ ಕ್ರಿಸ್ಪಿನಾ ಎಲ್ಲ ಕೇಳಿಸಿಕೊಂಡಳು. ಆ ಸಂಜೆ ನಲ್ಲಿಯ ಹತ್ತಿರ ಹೆಂಗಸರ ಕೊಡ ತುಂಬಿ ಹರಿದರೂ ಯಾರೂ ಎತ್ತಲಿಲ್ಲ. ಮಾತು ಮುಗಿದಿರಲಿಲ್ಲ.

ಶನಿವಾರ ಮಾರ್ಸೆಲಿನಾ ಮಗಳನ್ನು ಎತ್ತಿಕೊಂಡು ಲಾರಿ ಹತ್ತಿದಳು. ಗಂಡನ ಗೋರಿಯ ಶಿಲುಬೆ ತಾಳೆಸಾಲಿನಲ್ಲಿ ಮರೆಯಾಯಿತು. ಮುಂದೆ, ದಾರಿಯುದ್ದಕ್ಕೂ ಮರದ ಬುಡಗಳಲ್ಲಿ ಹಣ್ಣು ಕೆಂಪಗೆ ಚೆಲ್ಲಿತ್ತು. ಬಗ್ಗಿದ ಬೆನ್ನು ಒಂದೂ ಇಲ್ಲ. ಮೇಸ್ತ್ರಿ ಕೆಲಸಕ್ಕೆ ಕರೆಯಲು ಸೀಟಿ ಊದಿ ಊದಿ ಏದುತ್ತಿದ್ದ.

"ಎಲ್ರೋ ನಿಮ್ಮ ಹೆಂಗಸ್ರು?"

ಕೇಳಿದ್ದು ಗಂಡಸರನ್ನು. ಜರಿಗಿಡಗಳ ಒಳಗಿಂದ ಕ್ರಿಸ್ಪಿನಾಳ ದನಿ ಬಂತು.

"ಅದು ನಮ್ಮನೆ ವಿಷಯ ಮೇಸ್ತ್ರಿ."

ಈ ಸಲ ಯಾರೂ ನಗಲಿಲ್ಲ. ಲಾರಿಯೂ ನಿಲ್ಲಲಿಲ್ಲ. ಅದರ ತಳದಲ್ಲಿ ಉರುಳುತ್ತಿದ್ದ ಹಣ್ಣೊಂದನ್ನು ಮಾರ್ಸೆಲಿನಾಳ ಕೈ ತಾನಾಗಿಯೇ ಹೆಕ್ಕಿತು. ಅವಳು ಅದನ್ನೇ ನೋಡಿದಳು. ಆಮೇಲೆ ರಸ್ತೆಗೆ ಎಸೆದಳು.