ಬೆದರುಬೊಂಬೆಯ ನಾಡಿ

"ಕೊಡೆ ತಗೊಂಡು ಹೋಗು," ಅಂದುಬಿಟ್ಟಿದ್ದ.

ಹೆಂಡತಿ ಬೆಳಿಗ್ಗೆ ಹೇಳಿದ್ದು ಇಷ್ಟೇ: "ಸಂಜೆ ಬಸ್ಸಿಗೆ ಅಣ್ಣನ ಮನೆಗೆ ಹೊರಡ್ತೀನಿ. ಇನ್ನು ಬರೋದಿಲ್ಲ." ಅವನು ಷೂ ದಾರ ಕಟ್ಟುತ್ತಿದ್ದ. ಕಿಟಕಿಯಾಚೆ ಮೋಡ ಕಂಡಿತು. ಕೊಡೆಯ ಮಾತು ಬಂತು. ಅವಳು ನಕ್ಕಳು. ಅತ್ತಿದ್ದರೆ ವಾಸಿಯಿತ್ತು.

ಈಗ ವೈದ್ಯಕೀಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅವನು ಪಾಠ ಮಾಡುತ್ತಿದ್ದಾನೆ. ಗವಾಕ್ಷಿಯ ಗೂಡಿನಲ್ಲಿ ಗುಬ್ಬಿಗಳ ಗಲಾಟೆ.

"ಕತ್ತಿನ ರಕ್ತನಾಳದ ಗೋಡೆಯಲ್ಲೊಂದು ಕಾವಲಿದೆ. ಒತ್ತಡ ಏರಿದರೆ ಹೃದಯಕ್ಕೆ 'ನಿಧಾನ' ಅನ್ನುತ್ತೆ, ಇಳಿದರೆ 'ಓಡು' ಅನ್ನುತ್ತೆ. ಬಿ.ಪಿ. ವರ್ಷಗಟ್ಟಲೆ ಏರಿಯೇ ಇದ್ದರೆ ಕಾವಲಿಗೂ ಅದೇ ಸರಿ ಅನ್ನಿಸಿಬಿಡುತ್ತೆ. ಹೊಲದ ಬೆದರುಬೊಂಬೆ ಇದ್ದ ಹಾಗೆ. ಮೊದಲ ದಿನ ಹಕ್ಕಿ ಹೆದರುತ್ತೆ. ಆಮೇಲೆ ಅದರ ತಲೆ ಮೇಲೇ ಕೂರುತ್ತೆ."

"ಹೃದಯಕ್ಕೇನಾಗುತ್ತೆ ಸರ್?" ಮುಂದಿನ ಸಾಲಿನ ಹುಡುಗಿ ಕೇಳಿದಳು.

"ದುಡಿದು ದುಡಿದು ದಪ್ಪವಾಗುತ್ತೆ."

"ಗಟ್ಟಿಯಾದ್ರೆ ಒಳ್ಳೇದಲ್ವಾ?"

"ಸಡಿಲವಾಗೋದನ್ನ ಮರೆಯುತ್ತೆ. ಬಂದ ರಕ್ತಕ್ಕೆ ಜಾಗ ಕೊಡಲ್ಲ."

ಎಲ್ಲ ಬಾಯಿಪಾಠ. ನಾಲಿಗೆ ತನ್ನಷ್ಟಕ್ಕೆ ಆಡುತ್ತಿತ್ತು. ಅವನು ಅದರ ಹಿಂದೆಲ್ಲೋ ನಿಂತಿದ್ದ.

ಮಲಗಿದವರನ್ನು ಹಾಗೇ ಎತ್ತಿ ನಿಲ್ಲಿಸುವ ಟೇಬಲ್ಲಿಗೆ ಒಬ್ಬರು ಬೇಕಿತ್ತು. ಯಾರೂ ಬರಲಿಲ್ಲ. ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ತಾನೇ ಮಲಗಿದ. ಎದೆಗೆ, ಮೊಣಕಾಲಿಗೆ ಪಟ್ಟಿ ಬಿಗಿದರು. ಎರಡು ಕೈಯನ್ನೂ ಅಕ್ಕಪಕ್ಕದ ಹಲಗೆಗೆ ಚಾಚಿ ಕಟ್ಟಿದರು.

"ಸರ್, ಬಿ.ಪಿ. ನೂರಾ ಎಂಬತ್ತು!" ಹುಡುಗಿ ಕೂಗಿದಳು.

"ನನಗದು ಮಾಮೂಲು. ಎತ್ತಿ."

ನಿಲ್ಲಿಸಿದೊಡನೆ ರಕ್ತ ಕಾಲಿಗಿಳಿಯಬೇಕು, ಹೃದಯ ಓಡಬೇಕು. ಓಡು, ಅಂದುಕೊಂಡ. ಒಂದೇ ಒಂದು ಸಲ ಜಿಗಿ. ಜಿಗಿದರೆ ಈಗಲೇ ಮನೆಗೆ ಓಡುತ್ತೇನೆ, ಹೋಗಬೇಡ ಅನ್ನುತ್ತೇನೆ, ಬೇಕಾದರೆ ಕಾಲು ಹಿಡಿಯುತ್ತೇನೆ.

ಟೇಬಲ್ಲು ಎದ್ದು ನಿಂತಿತು. ಕಣ್ಣಿಗೆ ಕತ್ತಲು ಬಂದು ಹೋಯಿತು. ಪರದೆಯ ಮೇಲೆ ಎದೆಬಡಿತದ ಗೆರೆ ಮಾತ್ರ ಗಾಣದ ಎತ್ತಿನ ಹಾಗೆ ಅದೇ ಹೆಜ್ಜೆಯಲ್ಲಿ ಸುತ್ತುತ್ತಿತ್ತು.

"ಯಂತ್ರ ಕೆಟ್ಟಿದೆ ಸರ್," ಹಿಂದಿನಿಂದ ಒಬ್ಬ ಅಂದ.

"ಯಂತ್ರ ಸರಿಯಾಗಿದೆ. ಬೈಯಿರಿ ನನ್ನ."

"ಸರ್?"

"ಏನಾದ್ರೂ ಬೈಯಿರಿ! ಜೋರಾಗಿ! ಬಡಿತ ಏರಬೇಕು!"

"ಅಯ್ಯೋ, ಮಾರ್ಕ್ಸು ನಿಮ್ಮ ಕೈಲಿದೆಯಲ್ಲ ಸರ್!"

ಎಲ್ಲರೂ ಗೊಳ್ಳೆಂದರು. ಅವನೂ ನಕ್ಕ. ಗೆರೆ ನಗಲಿಲ್ಲ.

ಗೂಟದ ಕೋಟಿನೊಳಗೆ ಫೋನು ಬಡಿದುಕೊಂಡಿತು. ಹುಡುಗಿ ತೆಗೆದು ನೋಡಿದಳು.

"ಮನೆಯಿಂದ ಸರ್. ಕಿವಿಗೆ ಹಿಡೀಲಾ?"

ಇನ್ನೂ ಹೊರಟಿಲ್ಲ ಹಾಗಾದರೆ. ಬಾಗಿಲ ಬಳಿ ನಿಂತಿದ್ದಾಳೆ. ಒಂದು ಮಾತು ಕೇಳಲು.

"ತಡಿ," ಅಂದ. ಕಣ್ಣು ಪರದೆಯ ಮೇಲೇ ಇತ್ತು. "ಏರುತ್ತೇನೋ ನೋಡೋಣ."

"ಸರ್, ಬಿಟ್ರೆ ಕಟ್ಟಾಗುತ್ತೆ."

"ತಡಿಯಮ್ಮ, ಒಂದು ಚೂರು."

ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಆಗ ಗೂಡಿನಿಂದ ಗುಬ್ಬಿಯೊಂದು ಇಳಿದು ಅವನ ಚಾಚಿದ ಕೈಯ ಮೇಲೆ ಕೂತಿತು. 'ಹುಶ್' ಅನ್ನಲು ಬಾಯಿ ತೆರೆದ. ದನಿ ಹೊರಡಲಿಲ್ಲ. ಗುಬ್ಬಿ ಅವನ ಕಣ್ಣನ್ನೇ ಒಮ್ಮೆ ನೋಡಿ, ತೋಳಿನ ಪಟ್ಟಿಗೆ ಕೊಕ್ಕು ಉಜ್ಜಿ, ರೆಕ್ಕೆ ಕೆದರಿಕೊಂಡು ಆರಾಮಾಗಿ ಕೂತಿತು.