ಕಬ್ಬಿಣದ ಬಳೆ

"ಕೈ ಮೇಲೆತ್ತೋ ಬೋಳಿಮಗನೆ. ಹೆಣ್ಣು ನೋಡೋಕೆ ಬಂದೋನ ಥರ ನಿಂತಿದಾನೆ."

ಮೇಸ್ತ್ರಿಯ ಮಾತಿಗೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ನಗದಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು. ಬೈಸಿಕೊಂಡವನು ಎರಡೂ ಕೈ ಜೋಡಿಸಿ ನೆತ್ತಿಯ ಮೇಲಕ್ಕೆ ಚಾಚಿದ. ಮೈಮೇಲೆ ಚಡ್ಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಇಬ್ಬರು ಆಳುಗಳು ಸರಳು ಬಗ್ಗಿಸಿ ಬೆಸೆದ ಕಬ್ಬಿಣದ ಬಳೆಯನ್ನು ಅವನ ಬೆರಳ ತುದಿಯಿಂದ ಕೆಳಕ್ಕೆ ಇಳಿಸಿದರು. ಬಳೆ ತಲೆ ದಾಟಿತು. ಭುಜಕ್ಕೆ ಬಂದು ಕಚ್ಚಿಕೊಂಡಿತು.

ಉಸಿರು ಬಿಡು ಎಂದ ಮೇಸ್ತ್ರಿ. ಬಿಟ್ಟ. ಬಳೆ ಜಾರಲಿಲ್ಲ.

"ನಡಿ ಆಚೆ. ತಿಂದು ತಿಂದು ಡ್ರಮ್ಮಾಗಿದೀಯ. ನಿನ್ನ ಅಂಡಿಗೆ ತಕ್ಕ ಹಾಗೆ ಊರಿನ ಗುಂಡಿ ಅಗಲ ಮಾಡಿಸ್ಲಾ?"

ಆ ಮನುಷ್ಯ ಉಪವಾಸವಿದ್ದು ಬರುತ್ತೇನೆ, ಕೆಲಸ ಬೇರೆಯವರಿಗೆ ಕೊಡಬೇಡಿ ಎಂದು ಕಾಲು ಹಿಡಿಯಲು ಬಗ್ಗಿದ. ಬಳೆ ಇನ್ನೂ ಭುಜದಲ್ಲೇ ಇದ್ದುದರಿಂದ ಬಗ್ಗಲಾಗದೆ ಅರ್ಧಕ್ಕೇ ನಿಂತ. ಅದಕ್ಕೂ ಎಲ್ಲರೂ ನಕ್ಕರು.

ಸಾಲಿನ ಕೊನೆಯವನು ಕಡ್ಡಿ. ತೊಟ್ಟಿಲಲ್ಲಿದ್ದಾಗಲೇ ಅಂಟಿದ ಹೆಸರು, ಹೆಂಡತಿಯೂ ಅದನ್ನೇ ಕರೆಯುತ್ತಿದ್ದಳು. ಬಳೆ ಅವನ ಮೈಗೆ ಎಲ್ಲೂ ಸಿಕ್ಕದೆ ಇಳಿದು ಕಾಲಬುಡದಲ್ಲಿ ಠಣ್ಣೆಂದು ಬಿತ್ತು. ಮೇಸ್ತ್ರಿ ಅವನ ಬೆನ್ನು ಗುದ್ದಿ, ಇಂಥ ಮಗನನ್ನು ಹೆತ್ತವಳಿಗೆ ಕೈ ಮುಗಿಯಬೇಕು ಕಣ್ರೋ ಎಂದ.

ಹೆತ್ತವಳು ಅಂಗಳದ ಆ ತುದಿಯಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಅವಳು ಗುಡಿಸುತ್ತಿದ್ದುದು ಗುತ್ತಿಗೆ ಹಿಡಿದಿದ್ದ ಮೇಸ್ತ್ರಿಯ ಅಂಗಳವನ್ನೇ. ಅದರ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಒಂದರಲ್ಲಿ ಅವಳು, ಮಗ, ಸೊಸೆ ಇದ್ದರು. ಮಗನ ಪಕ್ಕೆಲುಬುಗಳನ್ನು ಅವಳು ದೂರದಿಂದಲೇ ಎಣಿಸಬಹುದಿತ್ತು. ಎಷ್ಟು ಉಣ್ಣಿಸಿದರೂ ಮೈ ಹಿಡಿಯದ ಕೂಸು ಎಂದು ಒಂದು ಕಾಲದಲ್ಲಿ ಅತ್ತಿದ್ದಳು. ಈಗ ಅದೇ ಅವನಿಗೆ ಅನ್ನದ ದಾರಿಯಾಗಿತ್ತು.

ಹೊಸ ಬಡಾವಣೆಯ ಒಳಚರಂಡಿಯನ್ನು ಉದ್ಘಾಟಿಸಿದ ದಿನ ಚಪ್ಪಾಳೆ ತಟ್ಟಿದವರಲ್ಲಿ ಅವಳೂ ಒಬ್ಬಳು. ಇಂಜಿನಿಯರು ಮೈಕು ಹಿಡಿದು ವಿವರಿಸಿದ್ದ. ಇಲ್ಲಿಯವರೆಗೆ ಗುಂಡಿಯ ಬಾಯಿ ಮನುಷ್ಯ ಇಳಿಯುವಷ್ಟು ಅಗಲ ಇರುತ್ತಿತ್ತು, ಆದ್ದರಿಂದಲೇ ಮನುಷ್ಯನನ್ನು ಇಳಿಸುತ್ತಿದ್ದರು, ಸಾಯಿಸುತ್ತಿದ್ದರು. ಹೊಸ ಮಾನದಂಡದಲ್ಲಿ ಬಾಯಿಯನ್ನೇ ಕಿರಿದು ಮಾಡಿದ್ದೇವೆ. ಮಿಷನ್ನಿನ ಪೈಪು ಹೋಗುತ್ತದೆ, ಮನುಷ್ಯ ಹೋಗಲಾರ. ಒಳಗೆ ಮೆಟ್ಟಿಲೂ ಇಲ್ಲ, ಬೇಕಾಗಿಯೂ ಇಲ್ಲ. ಇನ್ನು ಈ ಊರಿನಲ್ಲಿ ಯಾವ ಹೆಣ್ಣುಮಗಳೂ ಗುಂಡಿಯ ಪಕ್ಕ ಕೂತು ಗಂಡನ ಹೆಣಕ್ಕೆ ಕಾಯಬೇಕಾಗಿಲ್ಲ.

ಹಾಗೆ ಕಾದವಳು ಅವಳು. ಆಗ ಮಗ ಮೊಲೆ ಬಿಟ್ಟಿರಲಿಲ್ಲ. ಇಂಜಿನಿಯರಿನ ಮಾತು ಕೇಳಿ ಎದೆ ತುಂಬಿ ಬಂದು, ಎಲ್ಲರ ಚಪ್ಪಾಳೆ ನಿಂತ ಮೇಲೂ ಅವಳದು ನಿಂತಿರಲಿಲ್ಲ. ಪಕ್ಕದವಳು ಸಾಕು ಬಿಡೇ ಎಂದು ಮೊಣಕೈಯಲ್ಲಿ ತಿವಿದಿದ್ದಳು.

ಆಮೇಲೆ ಬಡಾವಣೆಯಲ್ಲಿ ಮನೆಗಳು ಎದ್ದವು. ಕಟ್ಟುವವರು ಮಿಕ್ಕ ಸಿಮೆಂಟು ನೀರನ್ನೆಲ್ಲ ಗುಂಡಿಗೇ ಸುರಿದರು. ಅದು ತಳದಲ್ಲಿ ಬಂಡೆಯ ಹಾಗೆ ಗಟ್ಟಿಯಾಯಿತು, ಬಟ್ಟೆ ಬರೆ ಅದಕ್ಕೆ ಸುತ್ತಿಕೊಂಡವು. ಮಿಷನ್ನಿನ ನೀರು ಎಷ್ಟು ರಭಸವಾಗಿ ಬಡಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಉಳಿ ಹಿಡಿದು ಒಡೆಯುವ ಕೈ ಬೇಕಿತ್ತು. ಆಗ ಮೇಸ್ತ್ರಿ ಗುಂಡಿಯ ಬಾಯಿಗೆ ಸರಳು ಹಿಡಿದು ಅಳತೆ ತೆಗೆದು ಬಳೆ ಬೆಸೆಯಿಸಿದ.

ಬಳೆ ಕಡ್ಡಿಯ ಮೈ ದಾಟಿ ಬಿದ್ದ ಆ ದಿನವೇ ಅವಳು ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿದಳು. ಯಾರಿಗೂ ಹೇಳಲಿಲ್ಲ. ಸಂತೆಕಟ್ಟೆಯಲ್ಲಿ ಮೂಟೆ ಹೊರಿಸುವವನೊಬ್ಬನನ್ನು ಕಂಡು ಮಗನಿಗೊಂದು ಕೆಲಸ ಕೇಳಿದಳು. ಅವನು ಕಡ್ಡಿಯನ್ನು ಬಲ್ಲವನೇ. ಮೂಟೆ ಇರಲಿ, ಖಾಲಿ ಚೀಲ ಹೊರಿಸಿದರೂ ಮುರಿದಾನು, ಸ್ವಲ್ಪ ಮೈ ತುಂಬಿಸಿ ಕಳಿಸಮ್ಮ ಎಂದ. ಅವಳಿಗೂ ಬೇಕಾದದ್ದು ಅಷ್ಟೇ.

ಅಂದಿನಿಂದ ಮಗನ ತಟ್ಟೆ ಬೇರೆಯಾಯಿತು. ಅನ್ನಕ್ಕೆ ಎಣ್ಣೆ ಬಿತ್ತು. ಅನ್ನದ ಅಡಿಯಲ್ಲಿ ಮೊಟ್ಟೆ ಬಚ್ಚಿಟ್ಟುಕೊಂಡಿರುತ್ತಿತ್ತು. ತನ್ನ ಪಾಲಿಗೆ ಗಂಜಿ ನೀರು ಕುಡಿದು, ಹೊಟ್ಟೆ ಉಬ್ಬರ, ಏನೂ ಸೇರುವುದಿಲ್ಲ ಎನ್ನುತ್ತಿದ್ದಳು. ಸೊಸೆ ಬಸುರಿ. ಅವಳ ತಟ್ಟೆಗೆ ಮಾತ್ರ ಕೈ ಹಾಕಲಿಲ್ಲ. ಒಮ್ಮೆ ಸೊಸೆ ಮೊಟ್ಟೆಯನ್ನು ನೋಡಿಬಿಟ್ಟಳು. ಅತ್ತೆಯ ಮುಖ ನೋಡಿದಳು, ಅರ್ಥ ಮಾಡಿಕೊಂಡಳು. ಮರುದಿನದಿಂದ ತನ್ನ ಪಾಲಿನ ಹಾಲನ್ನೂ ಗಂಡನ ಲೋಟಕ್ಕೆ ಬಗ್ಗಿಸತೊಡಗಿದಳು. ಅತ್ತೆ ಬೈದರೂ ಕೇಳಲಿಲ್ಲ.

"ಏನವ್ವ, ಕೊಬ್ಬಿಸಿ ಮಾರೋ ಯೋಚನೆ ಏನಾದ್ರೂ ಇದೆಯಾ?" ಎಂದು ಕಡ್ಡಿ ಒಂದು ಸಂಜೆ ಕೇಳಿದ.

"ಗಿರಾಕಿ ಸಿಕ್ಕಿದ್ರೆ ಯಾಕೆ ಬಿಡ್ಲಿ? ಉಣ್ಣು ಸುಮ್ನೆ."

ಉಂಡ. ಮೈ ಕೈಯೆಲ್ಲ ಗಾಯ ಮಾಡಿಕೊಂಡು, ಕಣ್ಣು ಕೆಂಪಗೆ ಉರಿಯುತ್ತ ಬರುತ್ತಿದ್ದವನು ಅವ್ವನ ಸಮಾಧಾನಕ್ಕೆಂದು ಉಂಡ. ರಾತ್ರಿ ಮಗ್ಗುಲಾದವನ ಬೆನ್ನು ಸವರುವ ನೆಪದಲ್ಲಿ ಅವಳು ಭುಜದ ಮೂಳೆ ತಡಕುತ್ತಿದ್ದಳು. ಮೂಳೆಯ ಮೇಲೆ ತೆಳುವಾಗಿ ಮಾಂಸ ಕೂಡತೊಡಗಿತ್ತು.

ಆದರೆ ಮೈ ಬರುವವರೆಗೆ ಅವನು ಇಳಿಯುತ್ತಲೇ ಇರಬೇಕಲ್ಲ. ಅದಕ್ಕೇ ಒಂದು ಮಧ್ಯಾಹ್ನ ಇಂಜಿನಿಯರಿನ ಕಚೇರಿಗೆ ಹೋದಳು. ಜವಾನ ಹೊಸ್ತಿಲ ಆಚೆಯೇ ನಿಲ್ಲಿಸಿದ. ಇಂಜಿನಿಯರು ಕೆಟ್ಟವನಂತೆ ಕಾಣಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದಿದ್ದ ಅಷ್ಟೇ. ಏನಮ್ಮ ಎಂದು ಕೇಳಿದ. ಮುಖಕ್ಕೊಂದು ಗಾಳಿಯ ಮುಸುಕು, ಸೊಂಟಕ್ಕೊಂದು ಗಟ್ಟಿ ಬೆಲ್ಟು ಕೊಡಿಸಿ ಎಂದಳು. ಯಾರಿಗೆ ಎಂದು ಕೇಳಿದ. ಗುಂಡಿಗೆ ಇಳಿಯುವವರಿಗೆ ಎಂದಳು.

"ಹೊಸ ಲೈನಿಗಾ? ಅದಕ್ಕೆ ಮನುಷ್ಯ ಇಳಿಯೋಕೆ ಆಗಲ್ಲಮ್ಮ. ಅದಕ್ಕೇ ಹಾಗೆ ಡಿಸೈನ್ ಮಾಡಿರೋದು."

"ಇಳೀತಿದಾರೆ ಸಾರ್. ನನ್ನ ಮಗನೇ ಇಳೀತಾನೆ."

"ಆಗಲ್ಲ ಅಂದ್ಮೇಲೆ ಹೇಗೆ ಇಳೀತಾನೆ?"

ಅವಳು ಬಳೆಯ ವಿಷಯ ಹೇಳಿದಳು. ಅವನು ಕೇಳಿಸಿಕೊಳ್ಳುತ್ತಲೇ ಕಿಟಕಿಯ ಕಡೆ ತಿರುಗಿದ. ಇಂಥದ್ದನ್ನೆಲ್ಲ ಹೊರಗೆ ಹೇಳಿಕೊಂಡು ತಿರುಗಬೇಡ, ನಿನ್ನ ಮಗನಿಗೇ ತೊಂದರೆ, ಇಳಿಯಬಾರದ ಕಡೆ ಇಳಿದದ್ದು ಅವನ ತಪ್ಪಾಗುತ್ತದೆ ಎಂದು ಮೆತ್ತಗೆ ತಿಳಿಹೇಳಿದ. ಯಾರೂ ಇಳಿಯದ ಗುಂಡಿಗೆ ಮುಸುಕು ಕೊಡಿಸಿದರೆ ನನ್ನ ಮೇಲಿನವರು ನನ್ನನ್ನು ಹುಚ್ಚ ಎನ್ನುವುದಿಲ್ಲವೇ ಎಂದ. ಅವಳು ಹೊಸ್ತಿಲು ಬಿಟ್ಟು ಮೆಟ್ಟಿಲಿಳಿಯುವ ಮೊದಲೇ ಜವಾನ ಅವಳು ನಿಂತಿದ್ದ ಜಾಗಕ್ಕೆ ನೀರು ಹಾಕಿ ಒರೆಸಿದ.

ಅದಾಗಿ ಕೆಲವು ವಾರಗಳಿಗೆ ಬಡಾವಣೆಯ ದೊಡ್ಡ ಕಟ್ಟಡವೊಂದರ ಕೆಳಗಿನ ಮನೆಗಳ ಬಚ್ಚಲಿನಲ್ಲಿ ಹೇಲುನೀರು ಉಕ್ಕಿತು. ಬೆಳಗ್ಗೆಯಿಂದ ಮೇಸ್ತ್ರಿಯ ಫೋನು ಬಾಯಿ ಮುಚ್ಚಲಿಲ್ಲ. ಬಳೆಯೊಳಗೆ ತೂರುತ್ತಿದ್ದ ಇನ್ನೊಬ್ಬ ಜ್ವರ ಬಂದು ಮಲಗಿದ್ದ. ಕಡ್ಡಿಯನ್ನು ಕರೆದು, ಸುಮ್ಮನೆ ಒಂದು ಶಾಸ್ತ್ರಕ್ಕೆಂದು ಬಳೆ ಇಳಿಸಿದರು.

ಭುಜಕ್ಕೆ ಬಂದು ನಿಂತಿತು.

ಪೊರಕೆ ಹಿಡಿದವಳು ಗುಡಿಸುವುದನ್ನು ಬಿಟ್ಟು ನೋಡಿದಳು. ಹಾಕಿದ ಅನ್ನ ಮೈಗೆ ಹತ್ತಿತ್ತು. ನಗು ಬಂದುಬಿಡುತ್ತದೆಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಮೇಸ್ತ್ರಿ ಬಳೆಯನ್ನು ಎರಡು ಸಲ ಅದುಮಿ ನೋಡಿದ. ಎಲ್ಲಿ ಮೇಯ್ದು ಬಂದೆಯೋ ಸೂಳೆಮಗನೆ ಎಂದು ಕೆನ್ನೆಗೆ ಬಾರಿಸಿದ. ಆಮೇಲೆ ಆಳುಗಳ ಕಡೆ ತಿರುಗಿ, ಲಾರಿಯ ಎಣ್ಣೆ ತನ್ನಿ ಎಂದ.

ಕರಿ ಎಣ್ಣೆಯನ್ನು ಕಡ್ಡಿಯ ಭುಜಕ್ಕೆ, ಎದೆಗೆ, ಕಂಕುಳಿಗೆ ಬಳಿದರು. ಬಳೆ ಚರ್ಮ ಕೆರೆಯುತ್ತ ಇಳಿಯಿತು. ಅವನು ಹಲ್ಲು ಕಚ್ಚಿದ. ಅವಳು ಪೊರಕೆ ಬಿಸಾಡಿ ಓಡಿಬಂದು ನಡುವೆ ನಿಂತಳು.

"ಬಳೆ ಹಿಡೀತಲ್ಲಪ್ಪ. ಹಿಡಿದೋರನ್ನ ಇಳಿಸಲ್ಲ ಅಂತ ನೀನೇ ತಾನೆ ಹೇಳ್ತಿದ್ದೆ?"

"ಈಗ ಬಿಡ್ತಲ್ಲ, ನೋಡ್ಲಿಲ್ವಾ?"

"ಇಳಿಯುವಾಗ ಕೈ ಮೇಲಿರುತ್ತೆ, ಭುಜ ಸಣ್ಣಗಾಗುತ್ತೆ. ಎಚ್ಚರ ತಪ್ಪಿದ್ರೆ ಯಾರು ಎತ್ತೋರು ಕೈನ? ನಾನೇ ತಿನ್ನಿಸಿದ್ದು ಕಣಪ್ಪ ಅವನಿಗೆ, ಇಳೀಬಾರದು ಅಂತ. ಬಿಟ್ಬಿಡು."

ಕಡ್ಡಿ ಅವ್ವನನ್ನೇ ನೋಡಿದ. ಮೇಸ್ತ್ರಿ ನೆಲಕ್ಕೆ ಉಗಿದ. ನನ್ನ ಶೆಡ್ಡಿನಲ್ಲಿದ್ದುಕೊಂಡು ನನಗೇ ಗುಂಡಿ ತೋಡುತ್ತೀಯಾ ಎಂದ. ಇಳಿಯದಿದ್ದರೆ ಬೇಡ, ಸಂಜೆಯೊಳಗೆ ಪಾತ್ರೆ ಪಗಡೆ ಬೀದಿಗೆ ಇಟ್ಟುಕೊಳ್ಳಿ, ಸೊಸೆ ಬೇಕಾದರೆ ಚರಂಡಿ ದಂಡೆಯಲ್ಲಿ ಹೆರಲಿ ಎಂದ.

"ಅವ್ವ, ಸರಿ ಆಚೆ," ಎಂದ ಕಡ್ಡಿ. ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮೊಟ್ಟೆ ಯಾಕೆ ಅಂತ ನಂಗೆ ಮೊದಲ ದಿನಾನೇ ಗೊತ್ತಾಗಿತ್ತು. ನಿಂಗೆ ಖುಷಿ ಅಂತ ಸುಮ್ನಿದ್ದೆ," ಎಂದ. ಎಣ್ಣೆ ಕೈಯಾದ್ದರಿಂದ ಅವಳನ್ನು ಮುಟ್ಟಲಿಲ್ಲ.

ಆ ಕಟ್ಟಡದ ಮುಂದಿನ ಬೀದಿಗೆ ಹೊಸದಾಗಿ ಕಾಂಕ್ರೀಟು ಹಾಕಿದ್ದರು. ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಎದೆಗೆ ಹಗ್ಗ ಬಿಗಿದುಕೊಂಡು, ಕೈ ಮೇಲೆ ಚಾಚಿ ಕಡ್ಡಿ ಗುಂಡಿಯ ಬಾಯಿಯೊಳಕ್ಕೆ ಜಾರಿದ. ಭುಜದ ಹತ್ತಿರ ಸಿಕ್ಕಿದಾಗ ಮೇಸ್ತ್ರಿ ಅವನ ತಲೆಯ ಮೇಲೆ ಕೈಯಿಟ್ಟು ಒತ್ತಿದ. ಕೊನೆಗೆ ಹತ್ತು ಬೆರಳು ಕಂಡವು. ಅವೂ ಹೋದವು. ಒಳಗಿನಿಂದ ಉಳಿಯ ಸದ್ದು ಬರತೊಡಗಿತು. ಅವಳು ಬಿಸಿ ಕಾಂಕ್ರೀಟಿನ ಮೇಲೆ ಕೂತು ಆ ಸದ್ದನ್ನೇ ಕೇಳುತ್ತಿದ್ದಳು. ಮೇಲಿನ ಬಾಲ್ಕನಿಯಿಂದ ಒಬ್ಬಾಕೆ, ಇನ್ನೂ ಎಷ್ಟು ಹೊತ್ತು ಎಂದು ಕೂಗಿ ಕೇಳಿದಳು.

ಸದ್ದು ನಿಂತಿತು. ಅವ್ವ ಕೂಗಿದಳು, ಆಳುಗಳು ಕೂಗಿದರು. ಹಗ್ಗ ಜಗ್ಗಿದರು. ಭಾರವಾಗಿ ಬಂತು. ಬಂದು, ತಲೆಯಷ್ಟೇ ಗುಂಡಿಯಿಂದ ಆಚೆ ಬಂದು, ನಿಂತುಬಿಟ್ಟಿತು.

ಕಣ್ಣು ಮುಚ್ಚಿತ್ತು. ಬಾಯಲ್ಲಿ ನೊರೆ. ಕೈಗಳು ಒಳಗೆ ಜೋತುಬಿದ್ದಿದ್ದವು, ಅವು ಯಾರಿಗೂ ಎಟುಕಲಿಲ್ಲ. ಕೈಗೊಂದು ಹಗ್ಗ ಕಟ್ಟಬೇಕಿತ್ತು ಎಂದು ಒಬ್ಬ ಈಗ ಹೇಳಿದ. ಬಲವಾಗಿ ಎಳೆದರೆ ಕುತ್ತಿಗೆ ಹೊರಳುತ್ತಿತ್ತು, ಸಡಿಲ ಬಿಟ್ಟರೆ ತಲೆ ಒಳಕ್ಕೆ ಸರಿಯುತ್ತಿತ್ತು. ಇಬ್ಬರು ಹಗ್ಗ ಹಿಡಿದು ಹಾಗೇ ನಿಂತರು. ಅವಳು ಮಗನ ಬಾಯೊಳಗೆ ಬೆರಳು ಹಾಕಿ ಕೊಳೆ ತೆಗೆದಳು, ಸೆರಗಿನಿಂದ ಮುಖ ಒರೆಸಿದಳು. ಮೂಗಿನ ಬಳಿ ಬೆರಳಿಟ್ಟಾಗ ಏನೋ ಸಣ್ಣಗೆ ತಾಕಿದಂತಾಯಿತು.

ಇಂಜಿನಿಯರು ಬಂದ. ಕಾರಿನಿಂದ ಇಳಿದು ರಸ್ತೆಯಲ್ಲಿ ಇಟ್ಟಂತಿದ್ದ ತಲೆಯನ್ನು ಕಂಡು ಬೆಳ್ಳಗಾದ. ಇವನನ್ನು ಇಳಿಸಿದವರು ಯಾರು ಎಂದು ಕೇಳಿದ. ಗುಂಡಿಯ ಬಾಯಿ ಒಡೆಯಿರಿ ಎಂದು ಅವಳು ಬೇಡಿಕೊಂಡಳು. ಅಗ್ನಿಶಾಮಕದವರು ದಾರಿಯಲ್ಲಿದ್ದಾರೆ, ಬಾಯಿಯ ಸುತ್ತ ಮುಖ್ಯ ಕೇಬಲ್ ಹೋಗಿದೆ, ರಸ್ತೆ ಬೇರೆ ಇಲಾಖೆಯದು, ಒಪ್ಪಿಗೆ ಬರುವವರೆಗೆ ಯಾರೂ ಮುಟ್ಟುವಂತಿಲ್ಲ ಎಂದು ಅವನು ಫೋನು ಕಿವಿಗಿಟ್ಟ.

ಅವಳು ಎದ್ದು ಮೇಸ್ತ್ರಿಯ ಗಾಡಿಯ ಹಿಂಭಾಗಕ್ಕೆ ಹೋದಳು. ದೊಡ್ಡ ಸುತ್ತಿಗೆ ಎಳೆದುಕೊಂಡು ಬಂದಳು. ಅದರ ತಲೆ ಕಾಂಕ್ರೀಟಿನ ಮೇಲೆ ಗೀರು ಬಿಡುತ್ತ ಬಂತು. ಸೆರಗು ಹರಿದು ಮಗನ ಮುಖಕ್ಕೆ ಹೊದಿಸಿದಳು, ಚೂರು ಕಣ್ಣಿಗೆ ಸಿಡಿಯದಂತೆ ಅಂಚನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಹಿಂದಕ್ಕೆ ಸರಿದು ಸುತ್ತಿಗೆ ಎತ್ತಿದಳು.

"ಏಯ್, ಸರ್ಕಾರದ ಆಸ್ತಿ ಅದು," ಎಂದು ಮೇಸ್ತ್ರಿ ತೋಳು ಹಿಡಿದ.

"ಬಿಡು. ಇಲ್ಲಾಂದ್ರೆ ಮೊದಲ ಏಟು ನಿನ್ನ ಮಂಡಿಗೆ ಬೀಳುತ್ತೆ."

ದನಿ ಎತ್ತರಿಸದೆ ಹೇಳಿದಳು. ಅವನು ಬಿಟ್ಟ.

ಮೊದಲ ಏಟಿಗೆ ಸುತ್ತಿಗೆ ಪುಟಿದು ಹಿಂದಕ್ಕೆ ಬಂತು. ಎರಡನೆಯದಕ್ಕೂ. ಆಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಕೇಸಾಗುತ್ತೆ ಎಂದು ಇಂಜಿನಿಯರು ಕೂಗಿದ. ಹಗ್ಗ ಹಿಡಿದವನೊಬ್ಬ, ಎಡಕ್ಕೆ ಹೊಡಿಯಕ್ಕ, ಅಲ್ಲಿ ಮೆದು ಇದೆ ಎಂದ. ಮೇಲಿನ ಮನೆಗಳಲ್ಲಿ ಎಲ್ಲೋ ಯಾರೋ ನೀರು ಬಿಟ್ಟರು. ಅದು ಗೋಡೆಯ ಪೈಪಿನಲ್ಲಿ ಗುಂಡಿಯತ್ತ ಇಳಿದು ಬರುವುದು ಎಲ್ಲರಿಗೂ ಕೇಳಿಸಿತು. ಅವಳು ಸುತ್ತಿಗೆ ಕೆಳಗಿಟ್ಟು, ಬಟ್ಟೆಯ ಅಡಿಯಲ್ಲಿ ಕೈ ತೂರಿಸಿ ಮಗನ ಕೆನ್ನೆ ಮುಟ್ಟಿದಳು. ಬಿಸಿಯಿತ್ತು. ಅವನ ಬಿಸಿಯೋ, ಬಿಸಿಲಿನದೋ ತಿಳಿಯಲಿಲ್ಲ. ಮತ್ತೆ ಸುತ್ತಿಗೆ ಎತ್ತಿದಳು.